ಎರಡು ಹಳೇ ಔಟ್‌ಬ್ಯಾಕ್, ಎರಡು ಥರ ದಾನ: ರೇಡಿಯೋಗೆ ಕೊಟ್ಟಿದ್ದು, ಗ್ಯಾರೇಜಿಗೆ ಕೊಟ್ಟಿದ್ದು

ಯುಗಾದಿ ಊಟಕ್ಕೆ ಬಂದಿದ್ದ ಫ್ರೆಂಡ್ ಒಬ್ರು ಕೇಳಿದ್ರು, ನಮ್ಮ ಹಳೇ ಸುಬಾರು ಕಾರನ್ನ ದಾನ ಕೊಡ್ಬೇಕು ಅಂತಿದೀವಿ, ನೀವು ಎರಡು ಸಲ ಕೊಟ್ಟಿದೀರಲ್ಲ, ಯಾವ ಕಡೆ ಕೊಡೋದು ಒಳ್ಳೇದು ಅಂತ. ಅವ್ರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದೀನಿ.

ನಾವಿರೋದು ಅಮೆರಿಕದ ವರ್ಮಾಂಟ್ ರಾಜ್ಯದ ಎಸೆಕ್ಸ್ ಜಂಕ್ಷನ್ ಅನ್ನೋ ಊರಲ್ಲಿ, ಯಜಮಾನ್ರಿಗೆ ಇಲ್ಲಿನ ಚಿಪ್ ಫ್ಯಾಕ್ಟರೀಲಿ ಕೆಲಸ, ಮೊದ್ಲು ಐಬಿಎಂ ಇತ್ತು 2015ರಿಂದ ಗ್ಲೋಬಲ್‌ಫೌಂಡ್ರೀಸ್. ಚಳಿಗಾಲ ಪೂರ್ತಿ ಹಿಮ, ಅದು ಕರಗ್ತಿದ್ದ ಹಾಗೆ ಮಣ್ಣಿನ ರೋಡೆಲ್ಲಾ ಕೆಸರಿನ ಗದ್ದೆ, ಆ ಕಾಲಕ್ಕೆ ಇಲ್ಲಿ ಮಡ್ ಸೀಸನ್ ಅಂತಲೇ ಹೆಸರು, ಹಾಗಾಗಿ ನಾಲ್ಕೂ ಚಕ್ರಕ್ಕೆ ಪವರ್ ಹೋಗೋ ವ್ಯಾಗನ್ ಅಂದ್ರೆ ಇಲ್ಲಿ ಶೋಕಿ ಅಲ್ಲ, ದಿನಾ ಬೇಕಾಗಿರೋ ವಸ್ತು. ನಮ್ಮನೇಲಿ ಎರಡಿತ್ತು, ಎರಡೂ ಸುಬಾರು ಕಂಪನಿಯ ಔಟ್‌ಬ್ಯಾಕ್, 2005ರದ್ದು ಒಂದು, 2011ರದ್ದು ಒಂದು.

2005ರದ್ದನ್ನ ಬಿಟ್ಟಿದ್ದು 2022ರಲ್ಲಿ. 1,87,000 ಮೈಲಿ ಓಡಿತ್ತು, ಇಂಜಿನ್ ಪರ್ವಾಗಿಲ್ಲ, ಆದ್ರೆ ಹಿಮ ಕರಗಲಿ ಅಂತ ರೋಡಿಗೆ ಹಾಕೋ ಉಪ್ಪಿಗೆ ಬಾಗಿಲ ಕೆಳಗಿನ ತಗಡು ತುಕ್ಕು ಹಿಡಿದು ಕೈ ತೂರೋ ಅಷ್ಟು ತೂತಾಗಿತ್ತು, ಗಾಡಿ ರೋಡಿಗೆ ಯೋಗ್ಯವಾ ಅಂತ ನೋಡೋ ಕಡ್ಡಾಯ ಇನ್‌ಸ್ಪೆಕ್ಷನ್‌ನಲ್ಲಿ ಫೇಲ್, ವೆಲ್ಡಿಂಗ್‌ಗೆ 2,400 ಡಾಲರ್ ಕೇಳಿದ್ರು. ಡೀಲರ್ ಹತ್ರ ಟ್ರೇಡ್-ಇನ್, ಅಂದ್ರೆ ಹಳೇದನ್ನ ಕೊಟ್ಟು ಮುಂದಿನ ಕಾರಿನ ಬೆಲೇಲಿ ಕಳೆಯೋದು, ಕೇಳಿದ್ವಿ, 500 ಅಂದ್ರು, ವರ್ಮಾಂಟ್‌ನಲ್ಲಿ ಟ್ರೇಡ್-ಇನ್ ದುಡ್ಡು ಕಳೆದ ಮೇಲೆ 6% ಟ್ಯಾಕ್ಸ್ ಹಾಕ್ತಾರಾದ್ರಿಂದ ಇನ್ನೊಂದು 30 ಡಾಲರ್ ಉಳೀತಿತ್ತು ಅಷ್ಟೆ. ಗುಜರಿಯವ್ರು ತೂಕಕ್ಕೆ 350.

ಆಮೇಲೆ ನಾವು ಬೆಳಿಗ್ಗೆ ಕೇಳೋ ರೇಡಿಯೋ ಸ್ಟೇಷನ್‌ಗೆ ಕೊಟ್ವಿ, ಅವ್ರು ಹಳೇ ಕಾರನ್ನೂ ದಾನವಾಗಿ ತಗೋತಾರೆ. ಸುಲಭ ಅಂದ್ರೆ ಇದ್ರಷ್ಟು ಸುಲಭ ಯಾವುದೂ ಇಲ್ಲ, ಆನ್‌ಲೈನ್‌ನಲ್ಲಿ ಒಂದು ಫಾರ್ಮ್, ಕಾರಿನ ನಂಬರ್, ಓಡತ್ತಾ ಇಲ್ವಾ ಅಂತ ಒಂದು ಪ್ರಶ್ನೆ, ನಾಲ್ಕನೇ ದಿನ ಟೋ ಟ್ರಕ್ ಬಂತು, ಟೈಟಲ್‌ಗೆ (ಕಾರಿನ ಒಡೆತನದ ಪತ್ರಕ್ಕೆ) ಸೈನ್ ಹಾಕಿ ಕೊಟ್ವಿ, ನಮ್ ಕೈಯಿಂದ ಒಂದು ರೂಪಾಯಿ ಖರ್ಚಿಲ್ಲ. ಸ್ಟೇಷನ್‌ನವ್ರು ಕಾರನ್ನ ಕಣ್ಣಲ್ಲೂ ನೋಡಲ್ಲ, ನಡುವೆ ಒಂದು ಏಜೆನ್ಸಿ ಇರತ್ತೆ, ಅವ್ರು ಹರಾಜಿಗೆ ಹಾಕ್ತಾರೆ, ಟೋಯಿಂಗ್ ಖರ್ಚು ಹರಾಜಿನ ಫೀಸು ಏಜೆನ್ಸಿ ಪಾಲು ಎಲ್ಲಾ ಕಳೆದು ಉಳಿದದ್ದು ಸ್ಟೇಷನ್‌ಗೆ. ನಮ್ಮದು 425 ಡಾಲರ್‌ಗೆ ಹೋಯ್ತು ಅಂತ ಕಾಗದ ಬಂತು.

ಇದನ್ನ ಫೋನಲ್ಲಿ ಮೈಸೂರಿನ ಅಮ್ಮಂಗೆ ಹೇಳಿದೆ. ಅಮ್ಮ ಇಲ್ಲಿಗೆ ಬಂದಿದ್ದಾಗ ಅದೇ ಕಾರಿಗೆ ಆಯುಧ ಪೂಜೆ ಮಾಡಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಿದ್ರು, ಅದ್ರ ಮೇಲೆ ಅವ್ರಿಗೂ ಪ್ರೀತಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಚಿಕೇತನ ಅಪ್ಪ ಹಾಲು ಬತ್ತಿದ ಹಸುಗಳನ್ನೇ ದಾನ ಕೊಟ್ನಲ್ಲೇ, ಹಂಗಾಯ್ತು ಇದು. ಕೊಡೋದಾದ್ರೆ ಹಾಲು ಕರೆಯೋವಾಗ್ಲೇ ಕೊಡ್ಬೇಕು ಕಣೆ" ಅಂದ್ರು. ನನಗೆ ಚುರುಕ್ ಅಂತು. ಆ ಕಾರಿಗೆ ಬೇರೆ ದಾರಿ ಇರ್ಲಿಲ್ಲ, ತುಕ್ಕು ಹಿಡಿದ ಮೇಲೆ ಹರಾಜೇ ಸರಿ, ಅದ್ರಲ್ಲಿ ತಪ್ಪೇನಿಲ್ಲ ಅಂತ ಈಗ್ಲೂ ಅಂತೀನಿ, ಆದ್ರೆ 2011ರದ್ದನ್ನ ಹಂಗೆ ಬಿಡಬಾರ್ದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಎರಡನೇದನ್ನ 2024ರಲ್ಲಿ ಬರ್ಲಿಂಗ್ಟನ್‌ನ ಗುಡ್ ನ್ಯೂಸ್ ಗ್ಯಾರೇಜ್‌ಗೆ ಕೊಟ್ವಿ. 1996ರಲ್ಲಿ ಶುರುವಾದ ಸಂಸ್ಥೆ, ಬಂದ ಕಾರನ್ನ ಮೆಕ್ಯಾನಿಕ್‌ಗಳು ಪರೀಕ್ಷೆ ಮಾಡಿ, ರಿಪೇರಿ ಮಾಡಿ, ಕಾರಿಲ್ದೆ ಕೆಲಸಕ್ಕೆ ಹೋಗಕ್ಕಾಗದ ಕುಟುಂಬಗಳಿಗೆ ಕೊಡ್ತಾರೆ. ಇಲ್ಲಿ ದೊಡ್ಡ ಊರು ಬಿಟ್ರೆ ಬಸ್ಸು ತೀರಾ ಕಮ್ಮಿ, ಹಳ್ಳಿ ಕಡೆ ಒಂದು ತಾಯಿ ಮಗೂನ ಡೇಕೇರ್‌ಗೆ ಬಿಟ್ಟು ಇಪ್ಪತ್ತು ಮೈಲಿ ದೂರದ ಕೆಲಸಕ್ಕೆ ಹೋಗ್ಬೇಕು ಅಂದ್ರೆ ಕಾರಿಲ್ದೆ ಆಗೋದೇ ಇಲ್ಲ. ಎಲ್ಲಾ ಕಾರೂ ಕುಟುಂಬಕ್ಕೇ ಹೋಗತ್ತೆ ಅಂತಿಲ್ಲ, ರಿಪೇರಿ ಖರ್ಚು ಜಾಸ್ತಿ ಆಗೋ ಹಾಗಿದ್ರೆ ಅವ್ರೂ ಮಾರಿ ಆ ದುಡ್ಡನ್ನ ಬೇರೆ ಕಾರುಗಳಿಗೆ ಹಾಕ್ತಾರೆ, ಅದನ್ನ ಮೊದ್ಲೇ ತಿಳ್ಕೊಂಡಿರ್ಬೇಕು.

ಇಲ್ಲಿ ಪ್ರಶ್ನೆ ಜಾಸ್ತಿ, ಆ ಪ್ರಶ್ನೆಗಳು ನನಗೆ ಹಿಡಿಸ್ತು. ಎಷ್ಟು ಓಡಿದೆ, ತುಕ್ಕು ಎಲ್ಲೆಲ್ಲಿದೆ, ಕೊನೇ ಇನ್‌ಸ್ಪೆಕ್ಷನ್ ಯಾವಾಗ, ಟೈರ್ ನಾಲ್ಕೂ ಒಂದೇನಾ. ಈ ಟೈರಿನ ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ, ನಾಲ್ಕು ಚಕ್ರಕ್ಕೂ ಪವರ್ ಹೋಗೋ ಗಾಡೀಲಿ ಒಂದು ಟೈರ್ ಸವೆದು ಇನ್ನೊಂದು ಹೊಸದಾಗಿದ್ರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಿ ಒಳಗಿನ ಕ್ಲಚ್ಚು ಡಿಫರೆನ್ಷಿಯಲ್ ಮೇಲೆ ಭಾರ ಬಿದ್ದು ಹಾಳಾಗತ್ತೆ, ಅದಕ್ಕೆ ಒಂದು ಟೈರ್ ಹೋದ್ರೂ ಎಷ್ಟೋ ಸಲ ನಾಲ್ಕೂ ಬದಲಾಯಿಸ್ಬೇಕು. ಸಂಬಳ ಕಮ್ಮಿ ಇರೋ ಮನೆಗೆ ಕಾರು ಪುಕ್ಕಟೆ ಬಂದ್ರೂ ಒಂದೇ ಸಲ ನಾಲ್ಕು ಟೈರ್ ಅಂದ್ರೆ ಬಡಿಗೆ ಏಟು. ನಾವು ಮಾಡಿದ್ದು ಇಷ್ಟೇ, ಎರಡು ಸೀಸನ್ ಮಾತ್ರ ಓಡಿಸಿದ್ದ ನಾಲ್ಕು ವಿಂಟರ್ ಟೈರನ್ನ ಮಾರದೆ ಕಾರಿನ ಜೊತೆಗೇ ಕೊಟ್ವಿ, ಹರಿದಿದ್ದ ಆಕ್ಸಲ್ ಬೂಟು (ಆಕ್ಸಲ್ ಮೇಲಿನ ರಬ್ಬರ್ ಕವರ್) ಎಲ್ಲಿದೆ ಅಂತ ಬರೆದಿಟ್ವಿ, ಆಯಿಲ್ ಚೇಂಜ್ ರಸೀದಿಗಳನ್ನೆಲ್ಲಾ ಗ್ಲೋವ್ ಬಾಕ್ಸ್‌ನಲ್ಲೇ ಬಿಟ್ವಿ.

ಇದಕ್ಕೂ ಮುಂಚೆ ಜಾಹೀರಾತು ಹಾಕಿ ನೋಡಿದ್ವಿ, ಒಬ್ರು 3,600ಕ್ಕೆ ತಗೋತೀನಿ ಅಂದಿದ್ರು. ಮಾರಿ ಆ ದುಡ್ಡನ್ನೇ ದಾನ ಕೊಟ್ಟಿದ್ರೆ ಲೆಕ್ಕಕ್ಕೆ ಅದೂ ಒಳ್ಳೇ ದಾರಿನೇ, ಹರಾಜಿಗಿಂತ ಖಂಡಿತಾ ಜಾಸ್ತಿ ದುಡ್ಡು ಸಂಸ್ಥೆಗೆ ಹೋಗತ್ತೆ. ಆದ್ರೆ ಫೋನ್ ಮಾಡೋರು, ಬರ್ತೀನಿ ಅಂತ ಬರದೇ ಇರೋರು, ಎರಡು ವಾರ ಸಾಕಾಯ್ತು.

ಟ್ಯಾಕ್ಸ್ ವಿಷಯ. 2005ರಿಂದ ರೂಲ್ ಏನಂದ್ರೆ ಸಂಸ್ಥೆ ಕಾರನ್ನ ಸುಮ್ನೆ ಮಾರಿದ್ರೆ, ಎಷ್ಟಕ್ಕೆ ಮಾರಿದ್ರೋ ಅಷ್ಟನ್ನೇ ನೀವು ಟ್ಯಾಕ್ಸ್ ಹಾಕೋ ಆದಾಯದಿಂದ ಕಳೀಬಹುದು, 500 ಡಾಲರ್ ಅಥವಾ ಅದಕ್ಕಿಂತ ಕಮ್ಮಿಗೆ ಹೋದ್ರೆ ಮಾರ್ಕೆಟ್ ಬೆಲೆ ಇಲ್ಲಾ 500, ಯಾವುದು ಕಮ್ಮಿನೋ ಅದು. ಅದೇ ಕಾರನ್ನ ಬಡ ಕುಟುಂಬಕ್ಕೆ ಪುಕ್ಕಟೆಯಾಗೋ ತೀರಾ ಕಮ್ಮಿ ಬೆಲೆಗೋ ಕೊಟ್ರೆ ಪೂರ್ತಿ ಮಾರ್ಕೆಟ್ ಬೆಲೆ ಹಾಕ್ಬಹುದು, ಸಂಸ್ಥೆಯವ್ರು ಕಾರು ದಾನದ ರಸೀದಿಯಾದ 1098-ಸಿ ಫಾರ್ಮ್‌ನಲ್ಲಿ 5ಬಿ ಅನ್ನೋ ಕಡೆ ಟಿಕ್ ಹಾಕಿ ಕಳಿಸ್ತಾರೆ, ಜೊತೆಗೆ ನೀವು 8283 ಅನ್ನೋ ಟ್ಯಾಕ್ಸ್ ಫಾರ್ಮ್ ತುಂಬಬೇಕು. ಆದ್ರೆ ಇದೆಲ್ಲಾ ಐಟಮೈಸ್ ಮಾಡೋರಿಗೆ, ಅಂದ್ರೆ ಕಳೆಯೋ ಖರ್ಚುಗಳನ್ನ ಒಂದೊಂದಾಗಿ ಪಟ್ಟಿ ಮಾಡೋರಿಗೆ ಮಾತ್ರ. 2024ರಲ್ಲಿ ಗಂಡ ಹೆಂಡ್ತಿ ಸೇರಿ ಫೈಲ್ ಮಾಡಿದ್ರೆ ಪಟ್ಟಿ ಇಲ್ದೆ ಎಲ್ಲರಿಗೂ ಸಿಗೋ ಸ್ಟ್ಯಾಂಡರ್ಡ್ ಡಿಡಕ್ಷನ್ನೇ 29,200 ಡಾಲರ್ ಇತ್ತು, ನಮ್ಮ ಸಾಲದ ಬಡ್ಡಿ, ಊರಿನ ಟ್ಯಾಕ್ಸು ಎಲ್ಲಾ ಕೂಡಿದ್ರೂ ಅಷ್ಟಾಗ್ಲಿಲ್ಲ, ಹಂಗಾಗಿ ಎರಡು ಸಲಾನೂ ನಮಗೆ ಒಂದು ಡಾಲರೂ ಉಳೀಲಿಲ್ಲ. ಟ್ಯಾಕ್ಸ್ ಉಳಿಯತ್ತೆ ಅನ್ನೋ ಲೆಕ್ಕದಲ್ಲಿ ದಾನಕ್ಕೆ ಹೊರಟಿದ್ರೆ ಮೊದ್ಲು ಇದನ್ನ ನೋಡ್ಕೊಳ್ಳಿ.

ಎರಡು ಕಡೆಗೂ ಒಂದೇ ಮಾತು: ನಂಬರ್ ಪ್ಲೇಟ್ ಬಿಚ್ಚಿ ಇಟ್ಕೊಳ್ಳಿ, ಟೋಲ್ ಕಟ್ಟೋಕೆ ಅಂಟಿಸಿರೋ ಈಝೀ ಪಾಸ್ ತೆಗೀರಿ, ಕಾರು ಮನೆ ಬಿಟ್ಟು ಹೋದ ಮೇಲೇ ಇನ್ಶೂರೆನ್ಸ್ ನಿಲ್ಲಿಸಿ. ಮಗಳು ಹಿಂದಿನ ಸೀಟಲ್ಲಿ ಅಂಟಿಸಿದ್ದ ನಕ್ಷತ್ರದ ಸ್ಟಿಕರ್‌ಗಳನ್ನ ಕೀಳೋಣ ಅಂತ ಹೋದೆ, ಅವಳೇ ಬೇಡಮ್ಮ, ಆ ಮನೇಲೂ ಮಕ್ಕಳಿರ್ತಾರೆ ಅಂದ್ಲು, ಬಿಟ್ಟೆ.

ಇನ್‌ಸ್ಪೆಕ್ಷನ್ ಪಾಸಾಗಲ್ಲ ಅನ್ನೋ ಗಾಡಿ ಆಗಿದ್ರೆ ರೇಡಿಯೋ, ಇನ್ನೂ ಎರಡು ಮೂರು ಚಳಿಗಾಲ ಓಡೋ ಹಾಗಿದ್ರೆ ಗ್ಯಾರೇಜು, ನಾನಂತೂ ಹಂಗೇ ಹೇಳೋದು. ಆ ಫ್ರೆಂಡ್ ಕಾರು 2013ರದ್ದು, ಇನ್‌ಸ್ಪೆಕ್ಷನ್ ಸ್ಟಿಕರ್ ಅಕ್ಟೋಬರ್‌ವರೆಗೆ ಇದೆ, ತಳದಲ್ಲಿ ತುಕ್ಕು ಈಗಷ್ಟೇ ಶುರುವಾಗಿದೆ. ಇನ್ನೊಂದು ಚಳಿಗಾಲದ ಉಪ್ಪು ತಿನ್ನಿಸ್ಬೇಡಿ, ಈ ಬೇಸಿಗೇಲೇ ಫೋನ್ ಮಾಡಿ ಅಂದಿದೀನಿ.