ಬಾತ್‌ಟಬ್ಬಿನ ಕೊಳವೆಗೆ ಮುಳ್ಳಿನ ಪ್ಲಾಸ್ಟಿಕ್ ಪಟ್ಟಿ

ಬಾತ್‌ಟಬ್ಬಿನ ನೀರು ಇಳಿಯಲು ಅರ್ಧ ಗಂಟೆ ಹಿಡಿಯತೊಡಗಿದಾಗ ನಾನು ಮೊದಲು ಬಳಸಿದ್ದು ಡ್ರೈನ್ ಕ್ಲೀನರ್ ಪುಡಿಯನ್ನು. ಅದರಲ್ಲಿರುವ ಕಾಸ್ಟಿಕ್ ಸೋಡಾ ನೀರು ತಾಗಿದೊಡನೆ ಬಿಸಿಯೇರಿ ಜಿಡ್ಡನ್ನು ಕರಗಿಸಿತಾದರೂ ಒಳಗಿನ ಕೂದಲಿನ ಗಂಟು ಕದಲಲಿಲ್ಲ. (ಇಂತಹ ಪುಡಿಯ ಮೇಲೆ ಆಸಿಡ್ ಸುರಿಯುವುದು ಅಪಾಯಕಾರಿ.) ಮರುದಿನ, ಪುಡಿಯ ಅಂಶ ಉಳಿಯದಂತೆ ಸಾಕಷ್ಟು ನೀರು ಹರಿಸಿ, ಕೈಗವಸು ತೊಟ್ಟು, ಎರಡೂ ಅಂಚಿನಲ್ಲಿ ಗರಗಸದಂತೆ ಮುಳ್ಳುಗಳಿರುವ ಸುಮಾರು 50 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಪಟ್ಟಿಯನ್ನು ಇಳಿಸಿ, ತಿರುಗಿಸುತ್ತ ಮೇಲೆಳೆದಾಗ, ಸೋಪಿನ ಲೋಳೆ ಮೆತ್ತಿದ ಒಂದು ಗೇಣುದ್ದದ ಜಡೆಯೇ ಹೊರಬಂದಿತು. ಊಟಕ್ಕೆ ಮುಂಚೆ ಮಾಡುವ ಕೆಲಸವಲ್ಲ. ಮುಳ್ಳುಗಳು ಎರಡು ಮೂರು ಬಳಕೆಗೇ ಮುರಿದವು ಎಂಬುದು ನಿಜ. ಆದರೆ ಬೆಲೆಗೆ ಹೋಲಿಸಿದರೆ ಅದು ದೊಡ್ಡ ದೋಷವಲ್ಲ. ಕೊಳವೆಯ ಬಾಗಿನಿಂದಾಚೆ ಅಡಚಣೆಯಿದ್ದರೆ ಮಾತ್ರ ಪ್ಲಂಬರ್‌ನ ಸ್ಪ್ರಿಂಗ್ ತಂತಿಯೇ ಬೇಕಾಗುತ್ತದೆ.