ಸೆಂಪಿಟರ್ನಲ್, ದಟ್ಸ್ ದ ಸ್ಪಿರಿಟ್: ಒಂದೇ ತಂಡದ ಎರಡು ಆಲ್ಬಮ್‌ಗಳನ್ನು ಎದುರುಬದುರು ಇಟ್ಟಾಗ

ಇಂಗ್ಲೆಂಡಿನ ಶೆಫೀಲ್ಡ್ ನಗರದ ಬ್ರಿಂಗ್ ಮಿ ದ ಹೊರೈಜನ್ ತಂಡದ ಕುರಿತು ಮೆಟಲ್‌ಕೋರ್ (ಹೆವಿ ಮೆಟಲ್ ಮತ್ತು ಹಾರ್ಡ್‌ಕೋರ್ ಪಂಕ್ ಬೆರೆತ ಒರಟು ರಾಕ್ ಪ್ರಕಾರ) ಕೇಳುಗರ ನಡುವೆ ಇಂದಿಗೂ ತೀರದ ಜಗಳವೊಂದಿದೆ. 2013ರ ‘ಸೆಂಪಿಟರ್ನಲ್’ ಮೇಲೋ, 2015ರಲ್ಲಿ ಅದರ ಬೆನ್ನಿಗೆ ಬಂದ ‘ದಟ್ಸ್ ದ ಸ್ಪಿರಿಟ್’ ಮೇಲೋ ಎಂಬುದು ಆ ಜಗಳದ ತಿರುಳು. ಮೊದಲ ಪಕ್ಷದವರು ಎರಡನೆಯ ಆಲ್ಬಮ್ಮನ್ನು ಪಾಪ್ ಸಂಗೀತಕ್ಕೆ ಶರಣಾದ ಕೃತಿ ಎಂದು ತಳ್ಳಿಹಾಕುತ್ತಾರೆ. ಎರಡನೆಯ ಪಕ್ಷದವರು ತಂಡ ಹಾಡು ಕಟ್ಟುವುದನ್ನು ಕಲಿತದ್ದೇ ಅಲ್ಲಿ ಎಂದು ವಾದಿಸುತ್ತಾರೆ. ಎರಡನ್ನೂ ಹಾಡಿಗೆ ಹಾಡು ಜೋಡಿಸಿಕೊಂಡು, ಹೆಡ್‌ಫೋನಿನಲ್ಲೂ ಸ್ಪೀಕರಿನಲ್ಲೂ ಬೇರೆ ಬೇರೆ ಧ್ವನಿಮಟ್ಟದಲ್ಲಿ ಕೇಳಿದ ಮೇಲೆ, ಎರಡೂ ಪಕ್ಷಗಳು ತಿರುವನ್ನು ತಪ್ಪು ಜಾಗದಲ್ಲಿ ಗುರುತಿಸುತ್ತಿವೆ ಎಂದು ನನಗೆ ತೋರಿತು. ತಂಡದ ನಾದ ನಿಜವಾಗಿ ಬದಲಾದದ್ದು ಜನ ಮೆಚ್ಚುವ ಹಳೆಯ ಆಲ್ಬಮ್ಮಿನಲ್ಲೇ. ಮುಂದಿನದು ಆ ಬದಲಾವಣೆಯನ್ನು ಕೊನೆಮುಟ್ಟಿಸಿತು, ಹಾಗೆ ಮುಟ್ಟಿಸುವಾಗ ಒಂದಿಷ್ಟನ್ನು ಕಳೆದುಕೊಂಡಿತು.

ಈ ಮಾತಿಗೆ ಮೊದಲ ಸಾಕ್ಷಿ ಕೀಬೋರ್ಡ್ ವಾದಕ ಜೋರ್ಡನ್ ಫಿಶ್. ‘ಸೆಂಪಿಟರ್ನಲ್’ ಸಿದ್ಧವಾಗುತ್ತಿದ್ದ ಹೊತ್ತಿನಲ್ಲಿ ತಂಡವನ್ನು ಸೇರಿದ ಇವರು 2023ರ ಕೊನೆಯವರೆಗೂ ಅದರಲ್ಲಿದ್ದರು. 2010ರ ಆಲ್ಬಮ್ಮಿನಲ್ಲೂ ವಿದ್ಯುನ್ಮಾನ ಸದ್ದುಗಳಿದ್ದವು, ಆದರೆ ಅವು ಗಿಟಾರಿನ ರಿಫ್‌ಗಳ, ಅಂದರೆ ಮರುಕಳಿಸುವ ಚಿಕ್ಕ ಸ್ವರಗುಚ್ಛಗಳ, ಸುತ್ತ ಅಂಟಿಸಿದ ಅಲಂಕಾರದಂತಿದ್ದವು. ‘ಸೆಂಪಿಟರ್ನಲ್’ನ ಮೊದಲ ಹಾಡು ‘ಕ್ಯಾನ್ ಯು ಫೀಲ್ ಮೈ ಹಾರ್ಟ್’ ಆರಂಭವಾಗುವುದೇ ಕತ್ತರಿಸಿ ಶ್ರುತಿ ಬದಲಿಸಿದ ಮಾನವ ಕಂಠದಂತೆ ಕೇಳುವ ಒಂದು ಸಿಂಥ್ (ವಿದ್ಯುನ್ಮಾನ ಕೀಬೋರ್ಡ್) ನುಡಿಯಿಂದ. ಗಿಟಾರ್ ಆಮೇಲೆ ಅದರ ಕೆಳಗೆ ಬಂದು ಭಾರ ಹೊರುತ್ತದೆ. ಹಾಡಿನ ನೆನಪು ಉಳಿಯುವುದು ಆ ನುಡಿಯಿಂದ, ರಿಫ್‌ನಿಂದಲ್ಲ. ಮೆಟಲ್‌ಕೋರ್ ಆಲ್ಬಮ್ಮೊಂದರ ಹೆಬ್ಬಾಗಿಲಲ್ಲಿ ಸಿಂಥ್ ಹೀಗೆ ಯಜಮಾನಿಕೆ ನಡೆಸುವುದನ್ನು ಒಪ್ಪಿಕೊಂಡವರು, ಎರಡು ವರ್ಷಗಳ ನಂತರ ಮುಂದಿನ ಆಲ್ಬಮ್ಮಿನ ‘ಥ್ರೋನ್’ ಬಂದಾಗ ಬೆಚ್ಚಿಬಿದ್ದದ್ದಕ್ಕೆ ಕಾರಣ ನನಗೆ ಹೊಳೆಯುವುದಿಲ್ಲ.

‘ದಟ್ಸ್ ದ ಸ್ಪಿರಿಟ್’ ತೆರೆದುಕೊಳ್ಳುವುದು ‘ಡೂಮ್ಡ್’ನಿಂದ. ಇಲ್ಲಿಯೂ ವಿದ್ಯುನ್ಮಾನ ಸದ್ದೇ ಮುಂದೆ, ಆದರೆ ಅದು ನಿಧಾನವಾಗಿ ಮೇಲೇರಿ ಪಲ್ಲವಿಯಲ್ಲಿ ಒಮ್ಮೆಗೇ ಅಗಲವಾಗುತ್ತದೆ. ಎರಡು ಆರಂಭಗಳನ್ನು ಬೆನ್ನುಬೆನ್ನಿಗೆ ಕೇಳಿದಾಗ ವ್ಯತ್ಯಾಸ ಸ್ಪಷ್ಟವಾಗುತ್ತದೆ: ಹಳೆಯದರಲ್ಲಿ ಸಿಂಥ್ ಮತ್ತು ಗಿಟಾರ್ ಒಂದರ ಮೇಲೊಂದು ತಿಕ್ಕಾಡುತ್ತವೆ, ಹೊಸದರಲ್ಲಿ ಎರಡೂ ಒಂದೇ ಎರಕದಲ್ಲಿ ಬೆರೆತುಹೋಗಿವೆ. ಇದರ ಹಿಂದೆ ನಿರ್ಮಾಣದ ಭೇದವೂ ಇದೆ. ‘ಸೆಂಪಿಟರ್ನಲ್’ನ ನಿರ್ಮಾಪಕ ಟೆರಿ ಡೇಟ್, ಪ್ಯಾಂಟೆರಾ ಮತ್ತು ಡೆಫ್ಟೋನ್ಸ್ ತಂಡಗಳ ಪ್ರಸಿದ್ಧ ಆಲ್ಬಮ್‌ಗಳನ್ನು ರೂಪಿಸಿದವರು, ಗಿಟಾರಿನ ಒರಟುತನಕ್ಕೆ ಜಾಗ ಬಿಡುವುದು ಅವರಿಗೆ ಗೊತ್ತು. ಮುಂದಿನ ಆಲ್ಬಮ್ಮನ್ನು ಗ್ರೀಸಿನ ಸ್ಯಾಂಟೊರಿನಿ ದ್ವೀಪದ ಸ್ಟುಡಿಯೋದಲ್ಲಿ ಫಿಶ್ ಮತ್ತು ಗಾಯಕ ಆಲಿವರ್ ಸೈಕ್ಸ್ ತಾವೇ ನಿರ್ಮಿಸಿದರು. ಹಾಡು ಬರೆದವರೇ ಅದನ್ನು ನಯಗೊಳಿಸಲು ಕುಳಿತಾಗ ಏಣುಗಳನ್ನು ಉಜ್ಜಿಬಿಡುವ ಆಸೆಗೆ ತಡೆ ಇರುವುದಿಲ್ಲ, ಮತ್ತು ಇಲ್ಲಿ ಆಗಿರುವುದು ಅದೇ ಎಂಬುದು ನನ್ನ ಅನಿಸಿಕೆ.

ಗಾಯನದ ವಿಷಯದಲ್ಲಿ ನನ್ನ ತೀರ್ಪು ಅಷ್ಟು ಸುಲಭವಾಗಿ ಒಂದು ಕಡೆಗೆ ವಾಲುವುದಿಲ್ಲ. 2006ರ ಚೊಚ್ಚಲ ಆಲ್ಬಮ್ಮಿನಲ್ಲಿ ಪದ ತಿಳಿಯದಂತೆ ಗುಡುಗುತ್ತಿದ್ದ ಸೈಕ್ಸ್, ‘ಸೆಂಪಿಟರ್ನಲ್’ ಹೊತ್ತಿಗೆ ಸ್ಕ್ರೀಮಿಂಗ್‌ಗೂ ಹಾಡುಗಾರಿಕೆಗೂ ನಡುವಿನ ಒಂದು ಸ್ವರವನ್ನು ಕಂಡುಕೊಂಡಿದ್ದರು. ಅದು ಕಿರುಚಿದರೂ ಶ್ರುತಿಯ ಎಳೆಯನ್ನು ಬಿಡದ, ಗಂಟಲು ಇನ್ನೇನು ಒಡೆಯಿತು ಎನ್ನಿಸುವ ಸ್ವರ. ‘ಸ್ಲೀಪ್‌ವಾಕಿಂಗ್’ನ ಪಲ್ಲವಿಯಲ್ಲಿ ಆ ಒಡಕಿನ ಅಂಚೇ ಭಾವವನ್ನು ಹೊತ್ತಿದೆ. ‘ಶ್ಯಾಡೋ ಮೋಸೆಸ್’ನಲ್ಲಿ ಜನಸ್ತೋಮ ಒಟ್ಟಿಗೆ ಕೂಗುವಂತಹ ಸಾಲು, ಅದರ ಹಿಂದೆ ಬರುವ ಬ್ರೇಕ್‌ಡೌನ್ (ಲಯ ನಿಧಾನವಾಗಿ ಭಾರವಾಗುವ ಭಾಗ), ಎರಡನ್ನೂ ಅದೇ ಕಂಠ ಜೋಡಿಸುತ್ತದೆ. ‘ದಟ್ಸ್ ದ ಸ್ಪಿರಿಟ್’ನಲ್ಲಿ ಅವರು ಬಹುಪಾಲು ಹಾಡುತ್ತಾರೆ, ಮತ್ತು ಚೆನ್ನಾಗಿಯೇ ಹಾಡುತ್ತಾರೆ. ‘ಫಾಲೋ ಯು’ ಎಂಬ ನಿಧಾನಗತಿಯ ಹಾಡನ್ನು ಹಳೆಯ ಸೈಕ್ಸ್ ನಿಭಾಯಿಸಲು ಸಾಧ್ಯವಿರಲಿಲ್ಲ. ‘ಟ್ರೂ ಫ್ರೆಂಡ್ಸ್’ನಲ್ಲಿ ತಂತಿವಾದ್ಯಗಳ ಜೊತೆ ಕಂಠ ಹೊಂದಿಕೊಳ್ಳುವ ಬಗೆಯೂ ಅಷ್ಟೇ ಪಳಗಿದ್ದು. ಪಳಗಿದ ಈ ಕಂಠವನ್ನು ಮೆಚ್ಚುತ್ತಲೇ, ಹನ್ನೊಂದೂ ಹಾಡುಗಳಲ್ಲಿ ಅದು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕಾಗುತ್ತದೆ. ‘ಹ್ಯಾಪಿ ಸಾಂಗ್’ನ ಆರಂಭದ ಚಿಯರ್‌ಲೀಡರ್ ಘೋಷಣೆ ಆ ಏಕತಾನವನ್ನು ಮುರಿಯುತ್ತದೆ, ಅಂಥ ತುಂಟತನ ಇನ್ನೂ ಎರಡು ಕಡೆ ಇದ್ದಿದ್ದರೆ ಆಲ್ಬಮ್ಮಿಗೆ ಲಾಭವಾಗುತ್ತಿತ್ತು.

ಧ್ವನಿಮಟ್ಟ ಬದಲಿಸಿ ಕೇಳಿದಾಗ ಸಿಕ್ಕ ಫಲಿತಾಂಶ ನನಗೆ ಅನಿರೀಕ್ಷಿತವಾಗಿತ್ತು. ಸದ್ದು ಕಡಿಮೆ ಇಟ್ಟು ಬೇರೆ ಕೆಲಸದ ಮಧ್ಯೆ ಕೇಳುವಾಗ ‘ದಟ್ಸ್ ದ ಸ್ಪಿರಿಟ್’ ಪೂರ್ತಿಯಾಗಿ ತಲುಪುತ್ತದೆ, ಏಕೆಂದರೆ ಅದರ ಜೀವವೆಲ್ಲ ಪಲ್ಲವಿಯ ಸ್ವರಸಂಚಾರದಲ್ಲಿದೆ ಮತ್ತು ಸ್ವರಸಂಚಾರಕ್ಕೆ ಗಟ್ಟಿ ಸದ್ದಿನ ಹಂಗಿಲ್ಲ. ಅದೇ ಮಟ್ಟದಲ್ಲಿ ‘ಸೆಂಪಿಟರ್ನಲ್’ನ ‘ದ ಹೌಸ್ ಆಫ್ ವುಲ್ವ್ಸ್’ ಬರಿಯ ಗೊಂದಲವಾಗಿ ಕೇಳುತ್ತದೆ. ಸದ್ದನ್ನು ಏರಿಸಿದರೆ ಪಾತ್ರಗಳು ಅದಲುಬದಲಾಗುತ್ತವೆ: ಮ್ಯಾಟ್ ನಿಕೋಲ್ಸ್‌ರ ಡ್ರಮ್ಸ್ ಮತ್ತು ಲೀ ಮಾಲಿಯಾರ ಗಿಟಾರ್ ನಡುವೆ ಗಾಳಿಯಾಡುವಷ್ಟು ತೆರಪು ‘ಸೆಂಪಿಟರ್ನಲ್’ನಲ್ಲಿ ಕಾಣಿಸಿಕೊಳ್ಳುತ್ತದೆ, ಹೊಸದರ ಪಲ್ಲವಿಗಳಾದರೋ ಗೋಡೆಯಂತೆ ಎದುರು ನಿಂತು ಸ್ವಲ್ಪ ಹೊತ್ತಿಗೆ ಕಿವಿಯನ್ನು ದಣಿಸುತ್ತವೆ. ಮೃದು ಎಂದು ಜರೆಸಿಕೊಳ್ಳುವ ಆಲ್ಬಮ್ಮೇ ಕಿವಿಗೆ ಹೆಚ್ಚು ಭಾರವಾಗುವುದು ವಿಚಿತ್ರ.

ಸಾಹಿತ್ಯದ ಕುರಿತು ಹೆಚ್ಚು ಹೇಳುವ ಅಗತ್ಯವಿಲ್ಲ. ‘ಸೆಂಪಿಟರ್ನಲ್’ ಸಿದ್ಧವಾದ ಅವಧಿಯ ಹಿಂದೆ ಸೈಕ್ಸ್‌ರ ಕೆಟಮಿನ್ ಎಂಬ ಮಾದಕ ವಸ್ತುವಿನ ವ್ಯಸನವಿತ್ತು; ಅದನ್ನು ಅವರೇ 2014ರಲ್ಲಿ ಪ್ರಶಸ್ತಿ ಸಮಾರಂಭವೊಂದರ ವೇದಿಕೆಯಿಂದ ಬಹಿರಂಗಪಡಿಸಿದರು. ಆ ಆಲ್ಬಮ್ಮಿನ ಸಿಟ್ಟಿಗೆ ದೇವರು, ಗೆಳೆಯರು, ತಾನು ಎಂಬ ಗುರಿಗಳಿವೆ. ಮುಂದಿನದರಲ್ಲಿ ಖಿನ್ನತೆಯೇ ವಸ್ತು, ಆದರೆ ಅದನ್ನು ಕುರಿತ ಸಾಲುಗಳು ಯಾರು ಬೇಕಾದರೂ ತಮ್ಮದೆಂದು ಹಾಡಿಕೊಳ್ಳುವಷ್ಟು ಸಾಮಾನ್ಯೀಕೃತವಾಗಿವೆ. ಆ ಸಾಮಾನ್ಯೀಕರಣಕ್ಕೆ ಜನ ಸ್ಪಂದಿಸಿದ್ದಂತೂ ನಿಜ: ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ‘ಸೆಂಪಿಟರ್ನಲ್’ 11ನೆಯ ಸ್ಥಾನಕ್ಕೆ ನಿಂತರೆ ‘ದಟ್ಸ್ ದ ಸ್ಪಿರಿಟ್’ 2ನೆಯ ಸ್ಥಾನಕ್ಕೆ ಏರಿತು.

ಇಡೀ ಆಲ್ಬಮ್ಮನ್ನು ಒಂದೇ ಕೂತಲ್ಲಿ ಕೇಳುವವರಿಗೆ ದ್ವಿತೀಯಾರ್ಧವೇ ನಿರ್ಣಾಯಕ. ‘ಸೆಂಪಿಟರ್ನಲ್’ನಲ್ಲಿ ‘ಆ್ಯಂಟಿವಿಸ್ಟ್’ ಒಂದು ಬರಿಯ ಬೈಗುಳದ ಸರಮಾಲೆ, ಅದನ್ನು ನಾನು ದಾಟಿಸಿ ಮುಂದೆ ಹೋಗುತ್ತೇನೆ. ಆದರೆ ಕೊನೆಯಲ್ಲಿ ಆರು ನಿಮಿಷ ಮೀರುವ ‘ಹಾಸ್ಪಿಟಲ್ ಫಾರ್ ಸೋಲ್ಸ್’ ಮಾತಿನಿಂದ ಶುರುವಾಗಿ ಹಂತಹಂತವಾಗಿ ಹಿಗ್ಗುತ್ತ, ಅಲ್ಲಿಯವರೆಗಿನ ಸಿಟ್ಟಿಗೆಲ್ಲ ಒಂದು ದಡ ಒದಗಿಸುತ್ತದೆ. ಅದಕ್ಕೆದುರಾಗಿ ‘ದಟ್ಸ್ ದ ಸ್ಪಿರಿಟ್’ನ ‘ರನ್’ ಮತ್ತು ‘ಬ್ಲ್ಯಾಸ್ಫಮಿ’ ಅದಲುಬದಲಾದರೂ ಯಾರಿಗೂ ತಿಳಿಯಲಿಕ್ಕಿಲ್ಲ. ‘ಓ ನೋ’ ಬಂದಾಗ ಮಾತ್ರ ಆಲ್ಬಮ್ ಮತ್ತೆ ಚುರುಕಾಗುತ್ತದೆ: ನೃತ್ಯಸಂಗೀತದ ಲಯ, ಅದರ ಮೇಲೆ ಸ್ಯಾಕ್ಸೊಫೋನ್, ಮೆಟಲ್‌ನ ಲವಲೇಶವೂ ಇಲ್ಲ. ತಂಡದ 2019ರ ಆಲ್ಬಮ್ ‘ಆಮೊ’ ಹಿಡಿದ ದಾರಿಯ ಕೈಕಂಬ ಅದು. ಹೊಸ ಆಲ್ಬಮ್ಮಿನ ಕುರಿತ ನನ್ನ ದೂರು ಅದು ಬದಲಾಯಿತೆಂಬುದಲ್ಲ, ‘ಓ ನೋ’ದಷ್ಟು ಧೈರ್ಯವಾಗಿ ಉಳಿದ ಹತ್ತು ಹಾಡುಗಳಲ್ಲಿ ಬದಲಾಗಲಿಲ್ಲವೆಂಬುದು.

ತಂಡವನ್ನು ಈವರೆಗೆ ಕೇಳದವರು 2014ರಲ್ಲಿ ಬಿಡಿ ಹಾಡಾಗಿ ಬಂದು ಮರುವರ್ಷ ಆಲ್ಬಮ್ಮಿಗೂ ಸೇರಿದ ‘ಡ್ರೌನ್’ನಿಂದ ಆರಂಭಿಸಬಹುದು. ಅದರ ಕಂಠದಲ್ಲಿ ಹಳೆಯ ಒಡಕು ಇನ್ನೂ ಉಳಿದಿದೆ, ಪಲ್ಲವಿ ಹೊಸ ರೀತಿಯದು. ಒಡಕು ಹಿಡಿಸಿದವರು ಅಲ್ಲಿಂದ ಹಿಂದಕ್ಕೆ ‘ಸ್ಲೀಪ್‌ವಾಕಿಂಗ್’ಗೆ ಹೋಗಲಿ, ಪಲ್ಲವಿ ಹಿಡಿಸಿದವರು ‘ಥ್ರೋನ್’ ಕೇಳಲಿ.