ಉಚಿತ ಪ್ರವೇಶಕ್ಕೆ ಹಣ ತೆರಬೇಡಿ: ಶೋನ್‌ಬ್ರುನ್ ಅರಮನೆಯ ಕ್ರಿಸ್ಮಸ್ ಮಾರುಕಟ್ಟೆಗೆ ಹೋಗುವವರ ಗಮನಕ್ಕೆ

ಡಿಸೆಂಬರಿನಲ್ಲಿ ವಿಯೆನ್ನಾ ನೋಡಲು ಹೊರಟಿರುವವರು ಟಿಕೆಟ್ ಕಾಯ್ದಿರಿಸುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಶೋನ್‌ಬ್ರುನ್ ಅರಮನೆಯ ಮುಂದಿನ ವಿಶಾಲವಾದ ಅಂಗಳದಲ್ಲಿ ಪ್ರತಿವರ್ಷ ನಡೆಯುವ ಕ್ರಿಸ್ಮಸ್ ಮಾರುಕಟ್ಟೆಗೆ ಪ್ರವೇಶ ಶುಲ್ಕವಿಲ್ಲ. ಆದರೂ ಅದಕ್ಕೊಂದು ‘ಆದ್ಯತಾ ಪ್ರವೇಶಪತ್ರ’ ಸೃಷ್ಟಿಸಿ ಮಾರುವ ಮಧ್ಯವರ್ತಿಗಳಿದ್ದಾರೆ. ಅಂಥವರೊಬ್ಬರ ಜಾಲತಾಣದಿಂದ ನಮ್ಮ ಕುಟುಂಬ ಕಳೆದ ಚಳಿಗಾಲದಲ್ಲಿ ಹಣವನ್ನು ಮಾತ್ರವಲ್ಲ, ಅರಮನೆಯ ಒಳಭಾಗವನ್ನು ನೋಡುವ ಅವಕಾಶವನ್ನೂ ಕಳೆದುಕೊಂಡಿತು.

ಮಾರುಕಟ್ಟೆಗೆ ಪ್ರವೇಶ, ಅರಮನೆಯ ವೀಕ್ಷಣೆ, ತಲೆಗೊಂದು ಲೋಟ ಬಿಸಿ ಪಾನೀಯ, ಈ ಮೂರನ್ನೂ ಸೇರಿಸಿದ ಪ್ಯಾಕೇಜ್ ಅದು. ಮೇಲ್ನೋಟಕ್ಕೆ ಅನುಮಾನಪಡುವಂಥದ್ದೇನೂ ಅದರಲ್ಲಿರಲಿಲ್ಲ. ಜರ್ಮನಿಯ ರೇಗನ್ಸ್‌ಬುರ್ಗ್‌ ನಗರದ ಥುರ್ನ್ ಉಂಡ್ ಟಾಕ್ಸಿಸ್ ಅರಮನೆಯಲ್ಲಿ ನಡೆಯುವ ಕ್ರಿಸ್ಮಸ್ ಮಾರುಕಟ್ಟೆಗೆ ನಿಜವಾಗಿಯೂ ಟಿಕೆಟ್ ಕೊಳ್ಳಬೇಕು. ಹಾಗಾಗಿ ಅರಮನೆಯ ಮಾರುಕಟ್ಟೆ ಎಂದ ಮೇಲೆ ಶುಲ್ಕ ಇದ್ದೇ ಇರುತ್ತದೆ ಎಂದು ದೂರದ ಊರಿನಿಂದ ಬರುವವರು ಭಾವಿಸುವುದು ಸಹಜ. ಈ ದಂಧೆ ನಡೆಯುತ್ತಿರುವುದೇ ಆ ಭಾವನೆಯ ಮೇಲೆ.

ಹಣ ಪಾವತಿಯಾದ ಬಳಿಕ ಇ-ಮೇಲ್‌ನಲ್ಲಿ ಬಂದದ್ದು ಟಿಕೆಟ್ ಅಲ್ಲ, ವೋಚರ್. ಅದನ್ನು ಅರಮನೆಯ ಬಾಗಿಲಲ್ಲಿ ತೋರಿಸಿದರೆ ಸಾಲದು, ನಗರದ ನಡುಭಾಗದಲ್ಲಿರುವ ಸಂಸ್ಥೆಯ ಕೌಂಟರಿಗೆ ಅದೇ ದಿನ ಹೋಗಿ ಬದಲಾಯಿಸಿಕೊಳ್ಳಬೇಕು ಎಂಬ ಷರತ್ತು ಅದರ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿತ್ತು. ಕೊಳ್ಳುವಾಗ ತೆರೆಯ ಮೇಲೆ ಇದರ ಸುಳಿವೇ ಇರಲಿಲ್ಲ. ಕೌಂಟರ್ ಎಂದರೆ ನೆನಪಿನ ಕಾಣಿಕೆಗಳನ್ನು ಮಾರುವ ಅಂಗಡಿಯೊಂದರ ಮೂಲೆಯ ಮೇಜು. ಅಲ್ಲಿದ್ದವರು ಒಬ್ಬರೇ ನೌಕರರು, ಅವರ ಮುಂದಿನ ಸಾಲು ಬೀದಿಯವರೆಗೆ ಬಂದಿತ್ತು. ಮಂಡಿನೋವಿರುವ ಅಮ್ಮ ಆ ಚಳಿಯಲ್ಲಿ ನಿಲ್ಲಲಾರದೆ ಪಕ್ಕದ ಕಾಫಿ ಅಂಗಡಿಯಲ್ಲಿ ಕುಳಿತು ಕಾಯಬೇಕಾಯಿತು.

ಅರಮನೆಯ ಟಿಕೆಟ್ಟಿನ ಮೇಲೆ ಒಳಹೋಗಬೇಕಾದ ಸಮಯ ಮುದ್ರಿತವಾಗಿರುತ್ತದೆ. ಕೌಂಟರಿನಲ್ಲಿ ಟಿಕೆಟ್ ಪಡೆದು, ಕಾರ್ಲ್ಸ್‌ಪ್ಲಾಟ್ಸ್ ನಿಲ್ದಾಣದಿಂದ ಯು4 ಮೆಟ್ರೊ ಹಿಡಿದು ನಾವು ಶೋನ್‌ಬ್ರುನ್ ತಲುಪುವ ಹೊತ್ತಿಗೆ ನಮ್ಮ ಸಮಯ ಮೀರಿಹೋಗಿತ್ತು. ಬಾಗಿಲಲ್ಲಿದ್ದ ಸಿಬ್ಬಂದಿ ಸೌಜನ್ಯದಿಂದಲೇ ಮಾತನಾಡಿದರು. ಆದರೆ ಆ ದಿನದ ಉಳಿದ ಅವಧಿಗಳೆಲ್ಲ ಭರ್ತಿಯಾಗಿದ್ದುದರಿಂದ ಅವರು ಮಾಡಬಹುದಾದದ್ದು ಏನೂ ಇರಲಿಲ್ಲ, ಮರುದಿನ ಬೆಳಿಗ್ಗೆ ನಮ್ಮ ರೈಲು. ಹಾಪ್ಸ್‌ಬುರ್ಗ್ ದೊರೆಗಳ ಬೇಸಿಗೆಯ ಈ ಅರಮನೆಯಲ್ಲಿ 1,441 ಕೋಣೆಗಳಿವೆ. ಆರು ವರ್ಷದ ಮೊಟ್ಸಾರ್ಟ್ 1762ರಲ್ಲಿ ಮರಿಯಾ ತೆರೇಸಾಳ ಮುಂದೆ ಸಂಗೀತ ನುಡಿಸಿದ್ದು ಇಲ್ಲಿ, ಚಕ್ರವರ್ತಿ ಫ್ರಾನ್ಸ್ ಜೋಸೆಫ್ 1830ರಲ್ಲಿ ಹುಟ್ಟಿದ್ದೂ 1916ರಲ್ಲಿ ತೀರಿಕೊಂಡದ್ದೂ ಇಲ್ಲಿಯೇ. ಇವೆಲ್ಲದರ ಬಗ್ಗೆ ಓದಿಕೊಂಡು ಬಂದಿದ್ದ ಅಮ್ಮನಿಗೆ ಹೊರಗಿನ ಹಳದಿ ಗೋಡೆಗಳ ದರ್ಶನವಷ್ಟೇ ದಕ್ಕಿತು. ಅಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕರ ಸುಮಾರಿಗೆ ಸೂರ್ಯ ಮುಳುಗುವುದರಿಂದ, ಹಿಂಬದಿಯ ಗುಡ್ಡದ ಮೇಲಿರುವ ಗ್ಲೋರಿಯೆಟ್ ಮಂಟಪದತ್ತ ಹೋಗುವ ಮಾತೂ ಅಲ್ಲಿಗೇ ಮುಗಿಯಿತು.

ಮಾರುಕಟ್ಟೆಯ ಹೆಬ್ಬಾಗಿಲು ಎಲ್ಲರಿಗೂ ತೆರೆದೇ ಇತ್ತು. ನಮ್ಮ ‘ಆದ್ಯತಾ ಪ್ರವೇಶಪತ್ರ’ವನ್ನು ನೋಡಲು ಅಲ್ಲಿ ಯಾರೂ ಇರಲಿಲ್ಲ, ನೋಡಬೇಕಾದ ಅಗತ್ಯವೂ ಇರಲಿಲ್ಲ. ಪಾನೀಯದ ಕೂಪನ್ನನ್ನು ನಾವು ಕೇಳಿದ ಒಬ್ಬ ಮಳಿಗೆಯವರೂ ಒಪ್ಪಲಿಲ್ಲ. ಇಂಥದ್ದನ್ನು ತಾವು ಕಂಡೇ ಇಲ್ಲವೆಂದು ಒಬ್ಬರು ಕೈಯಾಡಿಸಿದರು. ಕೊನೆಗೆ ಎಲ್ಲವನ್ನೂ ಮತ್ತೆ ಹಣ ಕೊಟ್ಟೇ ಕೊಂಡೆವು. ಲೋಟಕ್ಕೆ ಬೇರೆಯಾಗಿ ಠೇವಣಿ ಹಿಡಿಯುತ್ತಾರೆ, ಹಿಂತಿರುಗಿಸಿದರೆ ಅದು ವಾಪಸು ಸಿಗುತ್ತದೆ, ಅದರಲ್ಲಿ ಮೋಸವಿಲ್ಲ. ಆದರೆ ಮದ್ಯ ಸೇವಿಸದವರು ಬರೀ ‘ಪುನ್ಶ್’ ಎಂದು ಕೇಳದೆ ‘ಕಿಂಡರ್‌ಪುನ್ಶ್’ ಎಂದೇ ಕೇಳಬೇಕು, ಏಕೆಂದರೆ ಮೊದಲನೆಯದರಲ್ಲಿ ಸಾಮಾನ್ಯವಾಗಿ ಮದ್ಯವಿರುತ್ತದೆ. ಸಸ್ಯಾಹಾರಿಗಳು ಆಲೂಗಡ್ಡೆಯ ತಿಂಡಿಗಳನ್ನೂ ಯಾವ ಕೊಬ್ಬಿನಲ್ಲಿ ಕರಿದಿದ್ದಾರೆಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹಣ ಹಿಂತಿರುಗಿಸುವಂತೆ ಬರೆದಾಗ ಸಂಸ್ಥೆಯಿಂದ ಬಂದ ಉತ್ತರ ಚಿಕ್ಕದು: ವೋಚರ್ ಬದಲಾಯಿಸಿಕೊಂಡ ಕ್ಷಣದಲ್ಲೇ ಸೇವೆ ಪೂರ್ಣಗೊಂಡಿದೆ. ಅವರದೇ ಕೌಂಟರಿನ ವಿಳಂಬದ ಬಗ್ಗೆ ಆ ಉತ್ತರದಲ್ಲಿ ಒಂದು ಮಾತೂ ಇರಲಿಲ್ಲ.

ಅರಮನೆಯ ಒಳಗೆ ಹೋಗಬೇಕೆಂದಿರುವವರು ಅರಮನೆಯ ಅಧಿಕೃತ ಜಾಲತಾಣದಲ್ಲಿಯೇ ಸಮಯ ಆರಿಸಿ ಟಿಕೆಟ್ ಪಡೆಯಲಿ, ಮಾರುಕಟ್ಟೆಗೆ ಏನನ್ನೂ ಕೊಳ್ಳದೆ ನೇರವಾಗಿ ನಡೆದು ಹೋಗಲಿ. ಈಗಾಗಲೇ ಇಂಥ ವೋಚರ್ ಕೊಂಡಿರುವವರು ಅದನ್ನು ಬದಲಾಯಿಸಿಕೊಳ್ಳುವ ಮೊದಲೇ ರದ್ದತಿಗೆ ಲಿಖಿತವಾಗಿ ಕೋರಲಿ. ಹಾಗೆಯೇ ಉಚಿತ ಮಾರುಕಟ್ಟೆಗೆ ‘ಪ್ರವೇಶ’ ಮಾರಿರುವ ಆ ಪುಟದ ಚಿತ್ರವನ್ನು ತೆಗೆದಿಟ್ಟುಕೊಳ್ಳಲಿ. ಕಾರ್ಡ್ ಕೊಟ್ಟ ಬ್ಯಾಂಕಿಗೆ ನಾವು ದೂರು ಸಲ್ಲಿಸಿದಾಗ ಅವರು ಮೊದಲು ಕೇಳಿದ್ದು ಅದನ್ನೇ.